ಸಫರಿ ಹಲಸು

'ಐನ್-ಎ-ಅಕ್ಬರಿ'ಯ ಹೆಸರು ಕೇಳಿದರೆ ನಮಗೆ ನೆನಪಾಗುವುದು ಕಂದಾಯದ ಲೆಕ್ಕ, ಮನ್ಸಬ್‌ದಾರರ ಪಟ್ಟಿ, ಆನೆ ಕುದುರೆಗಳ ಮೇವಿನ ಖರ್ಚು. ಶಾಲೆಯಲ್ಲಿ ಇತಿಹಾಸದ ಮೇಷ್ಟರು ಹಾಗೆಯೇ ಕಲಿಸಿದ್ದರು. ಆದರೆ ಅದನ್ನು ಬರೆದ ಅಬುಲ್ ಫಜಲ್‌ಗೆ ಅಡುಗೆಮನೆಯ ಮೇಲೂ ಹಣ್ಣಿನ ಬುಟ್ಟಿಯ ಮೇಲೂ ಕಣ್ಣಿತ್ತು. ಹದಿನಾರನೇ ಶತಮಾನದ ಕೊನೆಯಲ್ಲಿ ಆತ ಕೊಟ್ಟಿರುವ ಹಣ್ಣುಗಳ ಬೆಲೆಪಟ್ಟಿಯನ್ನು ಓದುತ್ತಿದ್ದರೆ ಸಂತೆಯಲ್ಲಿ ನಿಂತಂತೆ ಆಗುತ್ತದೆ. ಒಳ್ಳೆಯ ಮಾವು ನೂರಕ್ಕೆ 40 ದಾಮಿನವರೆಗೆ. ಹಲಸು ಎರಡಕ್ಕೆ ಒಂದು ದಾಮು. ಬಾಳೆಯೂ ಅಷ್ಟೆ. ಅನಾನಸ್ ಮಾತ್ರ ಒಂದಕ್ಕೆ 4 ದಾಮು.

ಅಂದರೆ ಒಂದು ಅನಾನಸಿನ ಬೆಲೆಗೆ ಹತ್ತು ಉತ್ತಮ ಮಾವು, ಇಲ್ಲವೇ ಎಂಟು ಹಲಸು ಬರುತ್ತಿದ್ದವು. 40 ದಾಮಿಗೆ ಒಂದು ರೂಪಾಯಿಯಿದ್ದ ಕಾಲ ಅದು. ಮಣ್ಣು ಅಗೆಯುವ ಕೂಲಿಯವನಿಗೆ ದಿನಕ್ಕೆ ಎರಡು ಮೂರು ದಾಮು ಸಿಕ್ಕರೆ ಹೆಚ್ಚು. ದಿನವಿಡೀ ಬೆವರು ಸುರಿಸಿದರೂ ಅವನಿಗೆ ಒಂದು ಅನಾನಸ್ ಕೊಳ್ಳಲಾಗುತ್ತಿರಲಿಲ್ಲ.

ಅಬುಲ್ ಫಜಲ್ ಈ ಹಣ್ಣಿಗೆ ಇನ್ನೊಂದು ಹೆಸರಿರುವುದನ್ನೂ ಹೇಳುತ್ತಾನೆ: ಕಟಹಲ್-ಎ-ಸಫರಿ. ಕಟಹಲ್ ಎಂದರೆ ಹಲಸು, ಸಫರ್ ಎಂದರೆ ಪ್ರಯಾಣ. ಪ್ರಯಾಣದ ಹಲಸು! ಏಕೆಂದರೆ ಇದರ ಎಳೆ ಸಸಿಯನ್ನು ಒಂದು ಪಾತ್ರೆಯಲ್ಲಿ ನೆಟ್ಟು ಜೊತೆಗೆ ಒಯ್ದರೆ ದಾರಿಯಲ್ಲೇ ಹಣ್ಣು ಬಿಡುತ್ತದಂತೆ. ಎಲೆಯ ಅಂಚು ಗರಗಸದಂತಿದೆ, ರುಚಿ ಪರಿಮಳ ಮಾವನ್ನು ಹೋಲುತ್ತದೆ, ಹಣ್ಣಿನ ತಲೆಯ ಮೇಲಿನ ಎಲೆಗಳನ್ನು ಕಿತ್ತು ನೆಟ್ಟರೆ ಅವೇ ಸಸಿಗಳು, ಒಂದು ಗಿಡಕ್ಕೆ ಒಂದೇ ಹಣ್ಣು, ಒಂದೇ ಸಲ ಎಂದೆಲ್ಲ ಆತ ವಿವರಿಸಿದ್ದಾನೆ. ಮೊಗಲ್ ದರ್ಬಾರಿನ ಮಂತ್ರಿಯೊಬ್ಬ ತೋಟದ ಮಾಲಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಕೇಳಿಕೊಂಡಂತಿದೆ ಈ ಬರಹ. ನನಗೆ ಅಬುಲ್ ಫಜಲ್ ಇಷ್ಟವಾದದ್ದು ಮನ್ಸಬ್‌ದಾರಿಯಿಂದಲ್ಲ, ಈ ಒಂದು ಪ್ಯಾರಾದಿಂದ.

ಸಫರಿ ಎಂಬ ವಿಶೇಷಣ ಆತ ಊಹಿಸಿದ್ದಕ್ಕಿಂತ ಹೆಚ್ಚು ಸರಿಯಾಗಿತ್ತು. ಆ ಹಣ್ಣು ಆಗ್ರಾಕ್ಕೆ ಬರುವ ಮೊದಲು ಭೂಮಿಯ ಅರ್ಧ ಸುತ್ತು ತಿರುಗಿತ್ತು.

ಅನಾನಸಿನ ತವರು ದಕ್ಷಿಣ ಅಮೆರಿಕ. ಇಂದಿನ ಬ್ರೆಜಿಲ್ ಮತ್ತು ಪೆರಗ್ವೆಗಳ ನಡುವೆ ಹರಿಯುವ ಪರಾನಾ, ಪೆರಗ್ವೆ ನದಿಗಳ ಸೀಮೆಯಿಂದ ಇದು ಹೊರಟಿತೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಅಲ್ಲಿಯ ತುಪಿ-ಗುರಾನಿ ಜನರೇ ಇದನ್ನು ಕಾಡಿನಿಂದ ತಂದು ಸಾಕಿದವರು. ಕಾಡು ಅನಾನಸ್ ಸಣ್ಣದು, ಬೀಜ ತುಂಬಿದ್ದು. ಬೀಜವಿಲ್ಲದ, ದೊಡ್ಡ, ಸಿಹಿ ಹಣ್ಣನ್ನು ತಲೆಮಾರುಗಟ್ಟಲೆ ಆರಿಸಿ ಉಳಿಸಿಕೊಂಡವರು ಹೆಸರಿಲ್ಲದ ಆ ರೈತರು. ನಾನಸ್ ಎಂಬುದು ಅವರದೇ ಮಾತು, ಶ್ರೇಷ್ಠ ಹಣ್ಣು ಎಂದು ಅದರ ಅರ್ಥ. ಅರಬಿ, ಫಾರಸಿ, ತುರ್ಕಿ, ಉರ್ದು, ಫ್ರೆಂಚ್, ಜರ್ಮನ್, ರಷ್ಯನ್, ಕನ್ನಡ ಎಲ್ಲ ಕಡೆಯೂ ಇದೇ ಪದ ಸ್ವಲ್ಪ ಸೊಟ್ಟಗಾಗಿಯೋ ನೆಟ್ಟಗೆಯೋ ಉಳಿದುಕೊಂಡಿದೆ. ಆ ಜನರ ನೆಲ ಹೋಯಿತು, ಕಾಡು ಹೋಯಿತು, ಲಕ್ಷಾಂತರ ಜನ ಯುರೋಪಿನ ಸಿಡುಬು ದಡಾರಗಳಿಗೆ ಬಲಿಯಾದರು. ಅವರ ಒಂದು ಮಾತು ಮಾತ್ರ ಶಿರಸಿಯ ಸಂತೆಯಲ್ಲೂ ಇಸ್ತಾಂಬುಲಿನ ಅಂಗಡಿಯಲ್ಲೂ ಕೇಳಿಸುತ್ತದೆ.

1493ರ ನವೆಂಬರಿನಲ್ಲಿ ಕೊಲಂಬಸ್ ತನ್ನ ಎರಡನೇ ಯಾನದಲ್ಲಿ ಗ್ವಾಡಲೂಪ್ ದ್ವೀಪಕ್ಕೆ ಇಳಿದಾಗ ಅಲ್ಲಿಯ ಹಳ್ಳಿಯಲ್ಲಿ ಈ ಹಣ್ಣು ಕಂಡಿತು. ಸ್ಪೇನಿನವರಿಗೆ ಇದು ತಮ್ಮೂರಿನ ಪೈನ್ ಮರದ ಕಾಯಿಯಂತೆ ಕಾಣಿಸಿತು. ಪಿನ್ಯಾ ಎಂದು ಕರೆದರು. ಇಂಗ್ಲಿಷರು ಆ ಪೈನ್‌ಗೆ ಆಪಲ್ ಜೋಡಿಸಿದರು. ಇದು ಪೈನ್ ಅಲ್ಲ, ಸೇಬಂತೂ ಅಲ್ಲವೇ ಅಲ್ಲ. ನಮ್ಮ ನೆರೆಯ ಮಲಯಾಳಿಗಳು ಇದನ್ನು ಕೈದಚಕ್ಕ ಎಂದರು. ಕೈದ ಎಂದರೆ ಕೇದಗೆ, ಚಕ್ಕ ಎಂದರೆ ಹಲಸು. ಕೇದಗೆಯಂಥ ಮುಳ್ಳೆಲೆಯ ನಡುವೆ ಹಲಸಿನಂಥ ಹಣ್ಣು! ಅತ್ತ ಆಗ್ರಾದವನೂ ಇತ್ತ ಕೇರಳದವನೂ ಒಬ್ಬರನ್ನೊಬ್ಬರು ಕೇಳದೆಯೇ ಹಲಸಿಗೆ ಹೋಲಿಸಿದ್ದಾರೆ. ಹೊಸಬರು ಮನೆಗೆ ಬಂದಾಗ ನಾವು, ಇವನ ಮೂಗು ನೋಡು ನಮ್ಮ ಚಿಕ್ಕಪ್ಪನ ಹಾಗೇ ಇದೆ ಅನ್ನುವುದಿಲ್ಲವೆ? ಹಾಗೆಯೇ ಇದೂ.

ಆ ಕಾಲದ ಹಡಗುಗಳಲ್ಲಿ ಹಣ್ಣು ಯುರೋಪಿಗೆ ತಲುಪುವ ಹೊತ್ತಿಗೆ ಬಹುತೇಕ ಕೊಳೆತುಹೋಗುತ್ತಿತ್ತು. ಸ್ಪೇನಿನ ದೊರೆ ಫರ್ಡಿನೆಂಡನಿಗೆ ಒಮ್ಮೆ ಕಳಿಸಿದವುಗಳಲ್ಲಿ ಒಂದೇ ಒಂದು ಕೆಡದೆ ಉಳಿದಿತ್ತು. ಅದನ್ನು ತಿಂದ ದೊರೆ ಹಣ್ಣುಗಳಿಗೆಲ್ಲ ಇದೇ ರಾಜ ಎಂದನೆಂದು ಆಸ್ಥಾನದ ಚರಿತ್ರೆಕಾರ ಪೀಟರ್ ಮಾರ್ಟಿರ್ ಬರೆದ. ತನಗೆ ಮಾತ್ರ ರುಚಿ ನೋಡಲು ಸಿಗಲಿಲ್ಲ, ಇದ್ದದ್ದೇ ಒಂದು ಎಂದು ಪಾಪ ಆತ ಸೇರಿಸಿದ್ದಾನೆ. ಫರ್ಡಿನೆಂಡನ ಮೊಮ್ಮಗ ಚಕ್ರವರ್ತಿ ಐದನೇ ಚಾರ್ಲ್ಸ್ ಬೇರೆ ಸ್ವಭಾವದವನು. ಎಷ್ಟೋ ಕಷ್ಟದಿಂದ ತಂದ ಅನಾನಸನ್ನು ಮುಂದಿಟ್ಟಾಗ ವಾಸನೆ ಚೆನ್ನಾಗಿದೆ ಎಂದವನು ತಿನ್ನಲು ಒಪ್ಪಲಿಲ್ಲವೆಂದು 1590ರಲ್ಲಿ ಪಾದ್ರಿ ಅಕೋಸ್ಟಾ ದಾಖಲಿಸಿದ್ದಾನೆ. ಅರ್ಧ ಅಮೆರಿಕವನ್ನು ನುಂಗಿದ ದೊರೆಗೆ ಅಲ್ಲಿಯ ಒಂದು ಹೋಳು ಹಣ್ಣು ನುಂಗಲು ಭಯ!

ಹಣ್ಣು ಕೊಳೆತರೂ ಅದರ ತಲೆ ಕೊಳೆಯುವುದಿಲ್ಲ. ಅನಾನಸಿನ ಪಯಣದ ಗುಟ್ಟು ಇಲ್ಲಿದೆ. ಕಿರೀಟದಂಥ ಆ ಎಲೆಗುಚ್ಛ ಮಣ್ಣು, ನೀರು ಇಲ್ಲದೆ ವಾರಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಬುಡದ ಕಂದುಗಳೂ ಅಷ್ಟೆ. ಬಿಸಿಲಿರುವಾಗ ಈ ಗಿಡ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಿರುತ್ತದೆ, ರಾತ್ರಿ ತಂಪಿನಲ್ಲಿ ತೆರೆದು ಗಾಳಿಯಿಂದ ಬೇಕಾದದ್ದನ್ನು ಎಳೆದುಕೊಂಡು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಅದರಿಂದ ಅಡುಗೆ ಮಾಡಿಕೊಳ್ಳುತ್ತದೆ. ನೀರಿನ ಖರ್ಚು ಬಹಳ ಕಡಿಮೆ. ಪೋರ್ಚುಗೀಸ್ ನಾವಿಕರಿಗೆ ಈ ವಿಜ್ಞಾನ ಗೊತ್ತಿರಲಿಲ್ಲ. ಆದರೆ ಬ್ರೆಜಿಲಿನಿಂದ ಹೊರಟ ಕಂದುಗಳು ಸಮುದ್ರ ದಾಟಿದ ಮೇಲೂ ಬೇರು ಬಿಡುತ್ತವೆ ಎಂಬುದಂತೂ ಗೊತ್ತಿತ್ತು. ಹದಿನಾರನೇ ಶತಮಾನದ ನಡುವೆ ಹೀಗೆ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂತು. ಅದೇ ಹಡಗುಗಳಲ್ಲೇ ಮೆಣಸಿನಕಾಯಿ, ಗೇರು, ಪಪಾಯಿಗಳೂ ಬಂದವು. ಪಪಾಯಿಗೆ ನಾವು ಪರಂಗಿ ಎಂದು ಹೆಸರಿಟ್ಟದ್ದು ಅದು ಫರಂಗಿಯವರ ಹಣ್ಣಾದ್ದರಿಂದ.

1583ರಿಂದ 1588ರವರೆಗೆ ಗೋವೆಯಲ್ಲಿದ್ದ ಡಚ್ಚರ ವಾನ್ ಲಿನ್‌ಷೋಟೆನ್ ಒಂದು ಮಹತ್ವದ ಸಂಗತಿ ಬರೆದಿದ್ದಾನೆ. ಮೊದಮೊದಲು ಹೊಸತೆಂಬ ಕಾರಣಕ್ಕೆ ಒಂದು ಹಣ್ಣಿಗೆ ಒಂದು ಪರ್ದಾವ್ ನಾಣ್ಯ ಕೊಡಬೇಕಾಗಿತ್ತಂತೆ. ಆತ ಬರೆಯುವ ಹೊತ್ತಿಗೆ ಎಲ್ಲೆಂದರಲ್ಲಿ ಬೆಳೆದು ಅಗ್ಗವಾಗಿ ಹೋಗಿತ್ತು. ಒಂದೇ ತಲೆಮಾರಿನಲ್ಲಿ ವಿದೇಶಿ ಅಪರೂಪ ಹಿತ್ತಲಿನ ಹಣ್ಣಾಯಿತು. ಆದರೆ ಅಗ್ಗವಾದದ್ದು ಕರಾವಳಿಯಲ್ಲಿ. ಆಗ್ರಾದಲ್ಲಿ ಅದೇ ಹೊತ್ತಿಗೆ ನಾಲ್ಕು ದಾಮು!

ಜಹಾಂಗೀರ್ ಬಾದಷಹನಿಗೆ ಈ ಹಣ್ಣೆಂದರೆ ಪ್ರಾಣ. ತನ್ನ ಆತ್ಮಕಥನ 'ತುಜುಕ್'ನಲ್ಲಿ ಫರಂಗಿಯವರ ಬಂದರುಗಳಲ್ಲಿ ಆಗುವ ಅನಾನಸಿನ ಪರಿಮಳ, ರುಚಿಗಳನ್ನು ಹೊಗಳಿ, ಆಗ್ರಾದ ಗುಲ್ ಅಫ್ಷಾನ್ ತೋಟದಲ್ಲೀಗ ಪ್ರತಿವರ್ಷ ಸಾವಿರಗಟ್ಟಲೆ ಹಣ್ಣಾಗುತ್ತವೆಂದು ಹೆಮ್ಮೆಪಟ್ಟಿದ್ದಾನೆ. ಯಮುನೆಯ ಆಚೆದಂಡೆಯ ಆ ತೋಟವನ್ನು ಹಾಕಿಸಿದವನು ಅವನ ಮುತ್ತಜ್ಜ ಬಾಬರ್. ಈ ಸಂಬಂಧ ನನಗೆ ಬಹಳ ಕುತೂಹಲದ್ದು. ಬಾಬರನಿಗೆ ಹಿಂದೂಸ್ತಾನದಲ್ಲಿ ಒಳ್ಳೆಯ ದ್ರಾಕ್ಷಿ ಇಲ್ಲ, ಖರ್ಬೂಜ ಇಲ್ಲ, ತಣ್ಣೀರಿಲ್ಲ ಎಂಬ ಕೊರಗು. ಕಾಬೂಲಿನ ಖರ್ಬೂಜವೊಂದನ್ನು ಕೊಯ್ದಾಗ ಅತ್ತುಬಿಟ್ಟೆನೆಂದು ಗೆಳೆಯನಿಗೆ ಪತ್ರದಲ್ಲಿ ಬರೆದುಕೊಂಡವನು ಅವನು. ಮೂರು ತಲೆಮಾರು ಕಳೆದ ಮೇಲೆ ಮರಿಮಗನಿಗೆ ಖರ್ಬೂಜದ ಊರು ನೆನಪಾಗಿ ಅಳು ಬರುವುದಿಲ್ಲ. ಜಹಾಂಗೀರನ ಬಾಯಲ್ಲಿ ಮಾವೇ ಎಲ್ಲಕ್ಕಿಂತ ಮೇಲು. ಅದರ ಪಕ್ಕದಲ್ಲಿ ಅವನು ಇಟ್ಟದ್ದು ತನ್ನ ಹಿರಿಯರು ಕಂಡೂ ಇರದ ಬ್ರೆಜಿಲಿನ ಹಣ್ಣನ್ನು.

ಜಹಾಂಗೀರನ ದರ್ಬಾರಿಗೆ ಬಂದಿದ್ದ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋನ ಜೊತೆ ಎಡ್ವರ್ಡ್ ಟೆರಿ ಎಂಬ ಪಾದ್ರಿ ಇದ್ದ. ಆತ ಅನಾನಸಿನ ರುಚಿಯನ್ನು ಸ್ಟ್ರಾಬೆರಿ, ದ್ರಾಕ್ಷಾರಸ, ಗುಲಾಬಿನೀರು, ಸಕ್ಕರೆ ಬೆರೆಸಿದಂತೆ ಎಂದಿದ್ದಾನೆ. ದ್ರಾಕ್ಷಾರಸದ ವಿಚಾರ ನನಗೆ ತಿಳಿಯದು. ಉಳಿದದ್ದನ್ನು ಒಪ್ಪುತ್ತೇನೆ.

ಇಲ್ಲಿ ಒಂದು ಮಾತು. ಹೊಸ ಪದಾರ್ಥ ಬಂದಾಗ ಮುಸ್ಲಿಂ ಸಮಾಜಗಳಲ್ಲಿ ವಾದ ವಿವಾದ ಆಗದೆ ಇರಲಿಲ್ಲ. 1511ರಲ್ಲಿ ಮಕ್ಕಾದಲ್ಲಿ ಕಾಫಿಯನ್ನೇ ನಿಷೇಧಿಸಿದ್ದರು. ತಂಬಾಕಿನ ಜಗಳ ಶತಮಾನಗಟ್ಟಲೆ ನಡೆಯಿತು. ಜಹಾಂಗೀರನೇ ತಂಬಾಕನ್ನು ನಿಷೇಧಿಸಿದ್ದ. ಅಂಥ ತಕರಾರು ಅನಾನಸಿಗೆ ಎದುರಾಗಲಿಲ್ಲ. ಕಾಫಿರರ ಹಡಗಿನಲ್ಲಿ ಬಂದದ್ದು, ಪವಿತ್ರ ಗ್ರಂಥದಲ್ಲಿ ಖರ್ಜೂರ, ಅಂಜೂರ, ದಾಳಿಂಬೆಗಳ ಹಾಗೆ ಹೆಸರಿಲ್ಲದ್ದು ಎಂದು ಯಾರೂ ದೂರವಿಡಲಿಲ್ಲ. ನಿಷೇಧಕ್ಕೆ ಪುರಾವೆ ಬೇಕು, ಅನುಮತಿಗೆ ಬೇಡ ಎಂಬುದು ನಮ್ಮ ಫಿಕಹ್‌ನ ಪ್ರಸಿದ್ಧ ಸೂತ್ರ. ಋತುವಿನ ಮೊದಲ ಹಣ್ಣನ್ನು ತಂದುಕೊಟ್ಟಾಗ ಪ್ರವಾದಿಯವರು ಬರ್ಕತ್‌ಗಾಗಿ ದುಆ ಮಾಡಿ, ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಚಿಕ್ಕ ಮಗುವಿನ ಕೈಗೆ ಅದನ್ನು ಕೊಡುತ್ತಿದ್ದರೆಂದು ಹದೀಸ್ ಇದೆ. ಐದನೇ ಚಾರ್ಲ್ಸ್‌ನ ಪಕ್ಕದಲ್ಲಿ ಒಂದು ಮಗು ಕೂತಿರಬೇಕಾಗಿತ್ತು.

ಯುರೋಪಿನಲ್ಲಿ ಈ ಹಣ್ಣು ಹಣ್ಣಾಗಿ ಉಳಿಯಲೇ ಇಲ್ಲ, ದೌಲತ್ತಿನ ಗುರುತಾಯಿತು. ಎರಡನೇ ಚಾರ್ಲ್ಸ್ ದೊರೆಗೆ ತೋಟಗಾರನೊಬ್ಬ ಮಂಡಿಯೂರಿ ಅನಾನಸ್ ಒಪ್ಪಿಸುತ್ತಿರುವ ಚಿತ್ರವೇ ಇದೆ. 1668ರಲ್ಲಿ ಅದೇ ದೊರೆಯ ಊಟದ ಮೇಜಿನಲ್ಲಿ ಒಂದು ತುಂಡು ತಿಂದ ಜಾನ್ ಈವ್ಲಿನ್, ಕೇಳಿದಷ್ಟು ಚೆನ್ನಾಗಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡ. ಮುಂದೆ ಡಚ್ಚರೂ ಇಂಗ್ಲಿಷರೂ ತಮ್ಮ ಚಳಿನಾಡಿನಲ್ಲೇ ಬೆಳೆಯಲು ಹೊರಟರು. ಗಾಜಿನ ಮನೆ ಕಟ್ಟಿ, ಚರ್ಮ ಹದಮಾಡುವವರು ಬಳಸಿ ಬಿಸಾಡಿದ ಓಕ್ ತೊಗಟೆಯನ್ನು ಗುಂಡಿಗೆ ತುಂಬಿ, ಅದು ಕೊಳೆಯುವಾಗ ಹುಟ್ಟುವ ಕಾವಿನಲ್ಲಿ ಕುಂಡಗಳನ್ನಿಟ್ಟರು. ಒಂದು ಹಣ್ಣಿಗೆ ಎರಡು ಮೂರು ವರ್ಷ. ರಿಚ್ಮಂಡಿನ ಸಿರಿವಂತ ಮ್ಯಾಥ್ಯೂ ಡೆಕರ್ ತನ್ನ ತೋಟದ ಅನಾನಸಿನ ಭಾವಚಿತ್ರವನ್ನು 1720ರಲ್ಲಿ ಚಿತ್ರಕಾರನಿಂದ ಬರೆಸಿದ್ದಾನೆ, ಮಗನ ಮದುವೆಯ ಫೋಟೋ ತೆಗೆಸುವವರ ಹಾಗೆ. ಸ್ಕಾಟ್ಲೆಂಡಿನ ಡನ್ಮೋರ್‌ನಲ್ಲಿ ಅನಾನಸ್ ಆಕಾರದ ಕಲ್ಲಿನ ಗುಮ್ಮಟವೇ ಇದೆ. ಕೊಳ್ಳಲಾಗದವರು ಒಂದು ಸಂಜೆಯ ಮಟ್ಟಿಗೆ ಬಾಡಿಗೆಗೆ ತಂದು ಮೇಜಿನ ನಡುವೆ ಇಡುತ್ತಿದ್ದರಂತೆ. ಅತಿಥಿಗಳು ನೋಡಬೇಕು, ಮುಟ್ಟಬಾರದು. ನಮ್ಮಲ್ಲೂ ಬಾಡಿಗೆ ಕಾರಿನಲ್ಲಿ ಬರುವ ಮದುಮಕ್ಕಳಿಲ್ಲವೆ!

ಈ ಗಾಜಿನ ಮನೆಗಳಿಗೆ ಸುರಿದ ಹಣದಲ್ಲಿ ಒಳ್ಳೆಯ ಪಾಲು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಂದ, ಅಂದರೆ ಆಫ್ರಿಕದಿಂದ ಸರಪಳಿ ಹಾಕಿ ತಂದವರ ದುಡಿಮೆಯಿಂದ ಬಂದದ್ದು. ಚಿತ್ರಗಳಲ್ಲಿ ಅದು ಕಾಣುವುದಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಅನಾನಸ್ ದೊರೆಯ ಮೇಜಿನಿಂದಿಳಿದು ಡಬ್ಬಕ್ಕೆ ಬಂತು. ಆ ಕಥೆ ಹವಾಯಿ ದ್ವೀಪಗಳದು. ಅಲ್ಲಿಯ ರಾಣಿ ಲಿಲಿಉಕಲಾನಿಯನ್ನು 1893ರಲ್ಲಿ ಪದಚ್ಯುತಗೊಳಿಸಿದ ಬಿಳಿಯ ವ್ಯಾಪಾರಿಗಳ ಗುಂಪು ಸ್ಯಾನ್‌ಫರ್ಡ್ ಡೋಲ್ ಎಂಬವನನ್ನು ಅಧ್ಯಕ್ಷನನ್ನಾಗಿ ಮಾಡಿಕೊಂಡಿತು. 1898ರಲ್ಲಿ ಅಮೆರಿಕ ದ್ವೀಪಗಳನ್ನೇ ತನ್ನದಾಗಿಸಿಕೊಂಡಿತು. ಮರುವರ್ಷ ಸ್ಯಾನ್‌ಫರ್ಡ್‌ನ ದಾಯಾದಿ ಜೇಮ್ಸ್ ಡೋಲ್ ಬಂದಿಳಿದ. 1901ರಲ್ಲಿ ಹವಾಯಿಯನ್ ಪೈನಾಪಲ್ ಕಂಪೆನಿ ಕಟ್ಟಿದ. ಅವನ ಇಂಜಿನಿಯರ್ ಹೆನ್ರಿ ಜಿನಾಕಾ ರೂಪಿಸಿದ ಯಂತ್ರ ನಿಮಿಷಕ್ಕೆ ಸುಮಾರು 100 ಹಣ್ಣುಗಳ ಸಿಪ್ಪೆ ಸುಲಿದು, ತಿರುಳು ತೆಗೆದು ಉರುಳಿಸುತ್ತಿತ್ತು. 1922ರಲ್ಲಿ ಡೋಲ್ 11 ಲಕ್ಷ ಡಾಲರಿಗೆ ಲನಾಯಿ ಎಂಬ ಇಡೀ ದ್ವೀಪವನ್ನೇ ಕೊಂಡ. ಹಲಸಿನ ಮರ ಗುತ್ತಿಗೆ ಹಿಡಿಯುವುದನ್ನು ನಾವು ಕಂಡಿದ್ದೇವೆ. ದ್ವೀಪ ಕೊಳ್ಳುವುದು!

ತೋಟಗಳಲ್ಲಿ ಬಾಗಿ ದುಡಿದವರು ಜಪಾನ್, ಚೀನಾ, ಕೊರಿಯಾಗಳಿಂದ, ಹೆಚ್ಚಾಗಿ ಫಿಲಿಪ್ಪೀನ್ಸ್‌ನಿಂದ ಬಂದವರು. ಗರಗಸದೆಲೆ ಕೊಯ್ಯದಂತೆ ಸುಡುಬಿಸಿಲಲ್ಲೂ ದಪ್ಪ ಬಟ್ಟೆ, ಕೈಗವಸು, ಕಣ್ಣಿಗೆ ಕನ್ನಡಕ ತೊಟ್ಟು ಕೆಲಸ ಮಾಡಬೇಕಾಗಿತ್ತು. ಅವರು ಸಂಘ ಕಟ್ಟಿ ಕೂಲಿ ಹೆಚ್ಚಿಸಿಕೊಂಡಾಗ ಕಂಪೆನಿಗಳ ದೃಷ್ಟಿ ಕೂಲಿ ಕಡಿಮೆಯಿರುವ ದೇಶಗಳತ್ತ ತಿರುಗಿತು. ಲನಾಯಿಯ ತೋಟ 1992ರಲ್ಲಿ ಮುಚ್ಚಿತು. 2012ರಲ್ಲಿ ಆ ದ್ವೀಪದ ಬಹುಪಾಲನ್ನು ಸಾಫ್ಟ್‌ವೇರ್ ಕುಬೇರನೊಬ್ಬ ಕೊಂಡುಕೊಂಡ. ಈಗ ಹಸಿ ಅನಾನಸಿನ ರಫ್ತಿನಲ್ಲಿ ಮುಂದಿರುವುದು ಮಧ್ಯ ಅಮೆರಿಕದ ಕೋಸ್ಟರಿಕ.

ಫಿಲಿಪ್ಪೀನ್ಸ್‌ನವರ ಮಾತು ಬಂದದ್ದರಿಂದ ಹೇಳುತ್ತೇನೆ, ಈ ಗಿಡದಿಂದ ಅತಿ ನಾಜೂಕಿನ ಕೆಲಸ ತೆಗೆದವರು ಅವರೇ. ನಾವು ಕೊಚ್ಚಿ ಬಿಸಾಡುವ ಎಲೆಯನ್ನು ಒಡೆದ ಪಿಂಗಾಣಿ ತಟ್ಟೆಯ ಚೂರಿನಿಂದ ಕೆರೆದು, ಕೂದಲೆಳೆಯಂಥ ನಾರು ಬಿಡಿಸಿ, ಒಂದೊಂದನ್ನೇ ಗಂಟು ಹಾಕಿ ಉದ್ದ ಮಾಡಿ ನೇಯುತ್ತಾರೆ. ಪಿನ್ಯಾ ಎಂಬ ಈ ಬಟ್ಟೆ ಗಾಳಿಯಂತೆ ಹಗುರ, ಆಚೆಯದು ಕಾಣುವಷ್ಟು ತೆಳು. ಅಲ್ಲಿಯ ಗಂಡಸರ ಮದುವೆಯ ಅಂಗಿ ಬರೋಂಗ್ ಇದರಿಂದಲೇ ಆಗುತ್ತದೆ. ಅಕ್ಲಾನ್ ಪ್ರಾಂತ್ಯದ ಈ ನೇಯ್ಗೆಯನ್ನು 2023ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಢಾಕಾದ ಮಲ್ಮಲ್‌ಗೆ ಕಣ್ಣೀರು ಹಾಕುವ ನಮ್ಮ ಉರ್ದು ಬರಹಗಾರರಿಗೆ ಇದರ ಸುದ್ದಿ ತಲುಪಬೇಕು. ಇದೇ ಎಲೆಯ ನಾರಿನಿಂದ ಚರ್ಮದಂಥ ಹಾಳೆ ಮಾಡಿ ಚೀಲ, ಚಪ್ಪಲಿ ಹೊಲಿಯುವುದೂ ಈಚೆಗೆ ನಡೆದಿದೆ.

ಹೆಚ್ಚು ತಿಂದರೆ ನಾಲಿಗೆ ಉರಿಯುವುದು ಎಲ್ಲರಿಗೂ ಗೊತ್ತು. ಇದರಲ್ಲಿ ಬ್ರೊಮೆಲೈನ್ ಎಂಬ, ಮಾಂಸಸತ್ವವನ್ನು ಕರಗಿಸುವ ಕಿಣ್ವವಿದೆ. ನಾವು ಹಣ್ಣನ್ನು ತಿನ್ನುವಾಗ ಹಣ್ಣೂ ನಮ್ಮನ್ನು ಸ್ವಲ್ಪ ತಿನ್ನುತ್ತದೆ. ಕಬಾಬಿನ ಮಾಂಸ ಮೆದುವಾಗಲು ನಮ್ಮ ಮನೆಗಳಲ್ಲಿ ಹಸಿ ಪರಂಗಿ ಅರೆದು ಹಚ್ಚುತ್ತಾರಲ್ಲ, ಅನಾನಸ್ ರಸವೂ ಅದೇ ಕೆಲಸ ಮಾಡುತ್ತದೆ. ಆದರೆ ಹೊತ್ತು ಮೀರಿದರೆ ಮಾಂಸ ಮುದ್ದೆಯಾಗುತ್ತದೆ. ಒಂದು ಬಕ್ರೀದಿನಲ್ಲಿ ನಮ್ಮ ಮನೆಯಲ್ಲಿ ಹಾಗಾಗಿ, ಕಬಾಬ್ ಹೋಗಿ ಕೀಮಾ ಆಯಿತು. ಹಸಿ ಅನಾನಸ್ ಬೆರೆಸಿದ ಹಾಲು ಕಹಿಯಾಗುವುದೂ, ಜೆಲ್ಲಿ ಗಟ್ಟಿಯಾಗದಿರುವುದೂ ಇದರಿಂದಲೇ. ಬೇಯಿಸಿದರೆ ಕಿಣ್ವ ಸಾಯುತ್ತದೆ, ಆದ್ದರಿಂದ ಡಬ್ಬದ ಹಣ್ಣಿಗೆ ಈ ತೊಂದರೆಯಿಲ್ಲ. ಸುಟ್ಟಗಾಯದ ಸತ್ತ ಚರ್ಮವನ್ನು ಕತ್ತಿ ಹಾಕದೆ ಕರಗಿಸಿ ತೆಗೆಯಲು ಇದೇ ಕಿಣ್ವದಿಂದ ತಯಾರಿಸಿದ ಔಷಧಿಗೆ 2012ರಲ್ಲಿ ಯುರೋಪಿನಲ್ಲೂ 2022ರಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿದೆ.

ಇದೇ ಕಿಣ್ವದ ಹೆಸರಿನಲ್ಲಿ ಹೆಂಗಸರಿಗೆ ಒಂದು ಹೆದರಿಕೆ ಅಂಟಿಕೊಂಡಿದೆ. ಬಸುರಿ ಅನಾನಸ್ ತಿಂದರೆ ಗರ್ಭ ನಿಲ್ಲುವುದಿಲ್ಲ ಎಂಬ ಮಾತು ಜಾತಿ ಧರ್ಮಗಳ ಭೇದವಿಲ್ಲದೆ ನಮ್ಮ ಎಲ್ಲ ಮನೆಗಳಲ್ಲೂ ಇದೆ. ನನ್ನ ಖಾಲಾ ಒಬ್ಬರು ಮದುವೆಯಾದ ಹೊಸದರಲ್ಲಿ, ಮೂರು ತಿಂಗಳ ಬಸುರಿಯಾಗಿದ್ದಾಗ, ಜಾತ್ರೆಯಲ್ಲಿ ಉಪ್ಪು ಖಾರ ಹಚ್ಚಿದ ಒಂದು ಹೋಳು ತಿಂದರು. ಹತ್ತು ದಿನದಲ್ಲಿ ಗರ್ಭ ಹೋಯಿತು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಒಂದು ಹೋಳಿನ ಆಸೆಗೆ ವಂಶ ತಿಂದವಳು ಎಂದು ಅತ್ತೆ ಸಾಯುವತನಕ ಹೇಳುತ್ತಿದ್ದರು. ಕಾಲಕ್ರಮೇಣ ಖಾಲಾ ಕೂಡ ಅದನ್ನೇ ನಂಬಿದರು. ಹಣ್ಣಿನಂತೆ ಸಾಮಾನ್ಯ ಪ್ರಮಾಣದಲ್ಲಿ ತಿಂದ ಅನಾನಸಿನಿಂದ ಗರ್ಭಪಾತವಾಗುತ್ತದೆಂಬುದಕ್ಕೆ ಆಧಾರವಿಲ್ಲ. ಕಿಣ್ವ ಹೆಚ್ಚಿರುವುದು ಕಾಂಡದಲ್ಲಿ, ಹಣ್ಣಿನ ನಡುವಿನ ಗಟ್ಟಿ ದಿಂಡಿನಲ್ಲಿ. ತಿಂದದ್ದರಲ್ಲೂ ಬಹುಪಾಲು ಹೊಟ್ಟೆಯಲ್ಲೇ ನಾಶವಾಗುತ್ತದೆ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳ ದೋಷ. ತಾಯಿ ಏನು ತಿಂದಳೆಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ನಾನು ಓದಿ ತಿಳಿದುಕೊಂಡು ಖಾಲಾಗೆ ಹೇಳಿದಾಗ ಅವರಿಗೆ ಅರವತ್ತು ದಾಟಿತ್ತು. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, ಈ ಮಾತು ಆಗ ಯಾಕೆ ಯಾರೂ ಹೇಳಲಿಲ್ಲ ಎಂದರು.

ಕರ್ನಾಟಕದಲ್ಲಿ ಅನಾನಸ್ ಎಂದರೆ ಮಲೆನಾಡು. ಸಾಗರ, ಸೊರಬ, ಶಿರಸಿ ತಾಲೂಕುಗಳು, ಅದರಲ್ಲೂ ವರದಾ ನದಿಯ ದಂಡೆಯ ಬನವಾಸಿ. ಕದಂಬರ ರಾಜಧಾನಿ. 941ರ 'ವಿಕ್ರಮಾರ್ಜುನ ವಿಜಯ'ದಲ್ಲಿ ಪಂಪ ಹಂಬಲಿಸಿದ ಬನವಾಸಿ ಇದೇ. ಪಂಪ ಮಲ್ಲಿಗೆಯನ್ನು ನೆನೆದ, ಅನಾನಸನ್ನಲ್ಲ. ಹೇಗೆ ನೆನೆದಾನು? ಆ ಹಣ್ಣು ಈ ನೆಲಕ್ಕೆ ಬರಲು ಇನ್ನೂ ಆರು ಶತಮಾನ ಕಾಯಬೇಕಾಗಿತ್ತು. ಇಂದು ಬನವಾಸಿಯ ದಾರಿಯಲ್ಲಿ ಹೋದರೆ ಬೂದು ಹಸಿರಿನ ಮುಳ್ಳು ಸಾಲುಗಳು ಎಕರೆಗಟ್ಟಲೆ ಕಾಣುತ್ತವೆ. ಕೇರಳದಿಂದ ಬಂದು ಜಮೀನು ಗುತ್ತಿಗೆ ಹಿಡಿದವರೂ ಇದ್ದಾರೆ. ಅವರ ಊರಿನ ವಾಳಕ್ಕುಳಂ ಅನಾನಸಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ತ್ರಿಪುರದ ಕ್ವೀನ್ ತಳಿಗೆ 2015ರಲ್ಲಿ. ಬ್ರೆಜಿಲಿನ ಗಿಡಕ್ಕೆ ನಮ್ಮ ಸರಕಾರವೇ ಈ ಊರಿನದು ಎಂದು ಮೊಹರು ಹಾಕಿ ಕೊಟ್ಟಂತಾಯಿತು.

ಗಿಡ 35-40 ಎಲೆ ಬಿಟ್ಟಾಗ ಎಥಿಫಾನ್ ದ್ರಾವಣವನ್ನು ಸುಳಿಗೆ ಹುಯ್ಯುತ್ತಾರೆ, ತೋಟವೆಲ್ಲ ಒಂದೇ ಹೊತ್ತಿಗೆ ಹೂ ಬಿಡಲಿ ಎಂದು. ಈ ವಿದ್ಯೆ ಹುಟ್ಟಿದ್ದು ಪೋರ್ಚುಗಲ್‌ನ ಅಜೋರ್ಸ್ ದ್ವೀಪಗಳಲ್ಲಿ, 1874ರ ಸುಮಾರಿಗೆ. ಗಾಜಿನ ಮನೆಯೊಳಗೆ ಕಸ ಸುಟ್ಟ ಹೊಗೆ ತುಂಬಿ ಗಿಡಗಳೆಲ್ಲ ಒಟ್ಟಿಗೆ ಹೂ ಬಿಟ್ಟವಂತೆ. ಹೊಗೆಯಲ್ಲಿದ್ದ ಇಥಿಲೀನ್ ಅನಿಲದ ಕೆಲಸ ಅದೆಂದು ಎಷ್ಟೋ ಕಾಲದ ಮೇಲೆ ಗೊತ್ತಾಯಿತು. ನೂರು ಇನ್ನೂರು ನೇರಳೆ ಹೂಗಳು ಕಾಂಡದ ಸುತ್ತ ಸುರುಳಿಯಾಗಿ ಅರಳಿ, ಒಂದೊಂದೂ ಒಂದು ಪುಟ್ಟ ಹಣ್ಣಾಗಿ, ಎಲ್ಲವೂ ಬೆಸೆದುಕೊಂಡು ಒಂದು ಅನಾನಸ್ ಆಗುತ್ತದೆ. ಸಿಪ್ಪೆಯ ಮೇಲಿನ ಒಂದೊಂದು ಕಣ್ಣೂ ಒಂದು ಹೂವಿನ ಗುರುತು. ಆ ಕಣ್ಣುಗಳ ಓರೆ ಸಾಲುಗಳನ್ನು ಎಣಿಸಿದರೆ ಸಾಮಾನ್ಯವಾಗಿ 8, 13, 21 ಬರುತ್ತವೆ. ಮಕ್ಕಳಿಗೆ ಎಣಿಸಲು ಹೇಳಿ, ಹಣ್ಣು ಕೊಯ್ಯುವವರೆಗೆ ಗಲಾಟೆ ಇರುವುದಿಲ್ಲ.

ಅಡುಗೆಮನೆಗೆ ಬಂದರೆ, ಉಡುಪಿಯ ಕಡೆಯ ಬ್ರಾಹ್ಮಣರ ಮದುವೆಯೂಟದಲ್ಲಿ ಅನಾನಸ್ ಮೆಣಸ್ಕಾಯಿ ಇಲ್ಲದಿದ್ದರೆ ಎಲೆ ತುಂಬಿದಂತಾಗುವುದಿಲ್ಲ. ಎಳ್ಳು, ಬೆಲ್ಲ, ಹುಣಸೆ, ಒಣಮೆಣಸು. ಅಲ್ಲಿರುವ ಮೆಣಸೂ ಅನಾನಸೂ ಒಂದೇ ಹಡಗಿನ ಪ್ರಯಾಣಿಕರು. ನಮ್ಮ ಮದುವೆಗಳಲ್ಲಿ ಜರ್ದಾಕ್ಕೆ ಕೇಸರಿಯ ಜೊತೆ ಅನಾನಸಿನ ಹೋಳು ಬೀಳುತ್ತದೆ. ಬೆಂಗಳೂರಿನ ದರ್ಶಿನಿಗಳಲ್ಲಿ ಅದೇ ಕೇಸರಿಬಾತ್ ಆಗುತ್ತದೆ. ಯಾವುದು ಯಾವುದರಿಂದ ಬಂತೆಂದು ಕೇಳಲು ಹೋಗದೆ ನಾನು ಮೂರನ್ನೂ ತಿಂದಿದ್ದೇನೆ. ಮೆಣಸ್ಕಾಯಿಗೆ ನನ್ನ ಮತ.

ಈ ಹಣ್ಣನ್ನು ತೋಟದಿಂದ ಬೀದಿಗೆ ತರುವ ಕೈಗಳ ಬಗ್ಗೆ ಹೇಳದಿದ್ದರೆ ಚರಿತ್ರೆ ಪೂರ್ತಿಯಾಗದು. ನಮ್ಮ ರಾಜ್ಯದಲ್ಲಿ ಹಣ್ಣಿನ ಮಂಡಿ, ಲಾರಿ, ತಳ್ಳುಗಾಡಿಗಳಲ್ಲಿ ಮುಸ್ಲಿಮರು ಹಿಂದಿನಿಂದಲೂ ಇದ್ದಾರೆ. ಬೆಳೆಯುವವನು ಗೌಡ, ಹೆಗಡೆ ಅಥವಾ ಶೇಖ್, ಕೊಯ್ಯುವವಳು ಕೂಲಿ ಹೆಂಗಸು, ಮಾರುವವನು ಸಾಬಿ, ತಿನ್ನುವವರು ಎಲ್ಲರೂ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಆಗಿ ಲಾರಿ ನಿಂತಾಗ ಮಲೆನಾಡಿನಲ್ಲಿ ಅನಾನಸ್ ಗಿಡದಲ್ಲೇ ಕೊಳೆಯಿತು. ಆ ದಿನಗಳಲ್ಲೇ ಮುಸ್ಲಿಂ ವ್ಯಾಪಾರಿಗಳು ಹಣ್ಣಿಗೆ ಉಗುಳಿ ಮಾರುತ್ತಾರೆಂಬ ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ತಳ್ಳುಗಾಡಿಯವರ ಹೆಸರು ಕೇಳಿ ವಾಪಸ್ ಕಳಿಸುವ ಬೀದಿಗಳನ್ನು ಕಂಡೆವು. 2022ರ ಏಪ್ರಿಲ್‌ನಲ್ಲಿ ಧಾರವಾಡದ ನುಗ್ಗಿಕೇರಿಯ ಹನುಮಂತ ದೇವಸ್ಥಾನದ ಆವರಣದಲ್ಲಿ ವರ್ಷಗಳಿಂದ ಕಲ್ಲಂಗಡಿ ಮಾರುತ್ತಿದ್ದ ಮುದುಕನ ಹಣ್ಣುಗಳನ್ನು ನೆಲಕ್ಕೆ ಬಡಿದು ಒಡೆದರು. ಹಣ್ಣಿನ ವ್ಯಾಪಾರವನ್ನು ಹೊರಗಿನವರ ಕೈಯಿಂದ ಬಿಡಿಸಬೇಕೆಂಬ ಕರೆಯೂ ಅದೇ ತಿಂಗಳು ಬಂತು. ಆ ಮುದುಕನಿಗೆ ನೆರವು ನೀಡಲು ಮುಂದಾದವರಲ್ಲಿ ಎಲ್ಲ ಧರ್ಮದವರೂ ಇದ್ದರೆಂಬುದನ್ನೂ ಇಲ್ಲಿ ಬರೆದಿಡಬೇಕು.

ಕಲ್ಲಂಗಡಿಯ ತವರು ಆಫ್ರಿಕ. ಅಂದು ಅದನ್ನು ಯಾರೂ ಕೇಳಲಿಲ್ಲ.

ಖಾಲಾ ಮನೆಯ ಹಿತ್ತಲಿನಲ್ಲಿ ಬಚ್ಚಲ ನೀರು ಹರಿಯುವ ಜಾಗದ ಪಕ್ಕ ಒಂದು ಹಳೆಯ ಡಾಲ್ಡಾ ಡಬ್ಬವಿದೆ. ನಾನು ಆ ವರ್ಣತಂತುಗಳ ಮಾತು ಹೇಳಿದ ವರ್ಷವೇ ಇರಬೇಕು, ಯಾರದೋ ಮನೆಯಲ್ಲಿ ಕೊಯ್ದ ಅನಾನಸಿನ ತಲೆಯನ್ನು ಅವರು ತಿರುಚಿ ಕಿತ್ತು ತಂದು, ಕೆಳಗಿನ ಎಲೆಗಳನ್ನು ಬಿಡಿಸಿ, ಎರಡು ದಿನ ನೆರಳಿನಲ್ಲಿ ಒಣಗಿಸಿ, ಆ ಡಬ್ಬದಲ್ಲಿ ನೆಟ್ಟರು. ಅಬುಲ್ ಫಜಲ್ ಹೇಳಿದ ಕ್ರಮವೇ. ಅವರೇನೂ ಐನ್-ಎ-ಅಕ್ಬರಿ ಓದಿದವರಲ್ಲ. ಎರಡು ವರ್ಷ ಅದು ಮುಳ್ಳೆಲೆ ಚಾಚಿಕೊಂಡು ಸುಮ್ಮನೆ ನಿಂತಿತ್ತು. ಮೂರನೇ ಬೇಸಿಗೆಯಲ್ಲಿ ಮುಷ್ಟಿಯಷ್ಟು ದೊಡ್ಡ ಹಣ್ಣು ಬಿಟ್ಟಿತು, ವಾಸನೆ ಮಾತ್ರ ಅಂಗಳದ ತನಕ. ಖಾಲಾ ಅದನ್ನು ತಾವೇ ಹೆಚ್ಚಿ, ಉಪ್ಪು ಖಾರ ಹಚ್ಚಿ, ಓಣಿಯ ಮಕ್ಕಳನ್ನೆಲ್ಲ ಕರೆದು ಕೊಟ್ಟರು. ನನ್ನ ತಂಗಿಯ ಸೊಸೆ ಆಗ ಬಸುರಿ. ಅವಳು ಅತ್ತೆಯ ಮುಖ ನೋಡಿದಳು. ತಟ್ಟೆಯಲ್ಲಿ ಉಳಿದಿದ್ದ ಎರಡು ಹೋಳುಗಳಲ್ಲಿ ಒಂದನ್ನು ಖಾಲಾ ಅವಳ ಕೈಗಿಟ್ಟು, ಇನ್ನೊಂದನ್ನು ತಮ್ಮ ಬಾಯಿಗೆ ಹಾಕಿಕೊಂಡರು. ಆಮೇಲೆ ತಲೆಯನ್ನು ತೆಗೆದುಕೊಂಡು ಮತ್ತೆ ಹಿತ್ತಲಿಗೆ ಹೋದರು.